ಅಕ್ಕಿ, ದುಡ್ಡು, ಮತ್ತೆ ಅಕ್ಕಿ: ನಡುವೆ ಏನಾಯ್ತು ಅಂತ ಬರೆದಿಟ್ಟವರು ಯಾರು?

ಕುಮಟಾ ಕಡೆಯ ನಮ್ಮೂರ ಸೊಸೈಟಿಯಲ್ಲಿ ರೇಷನ್ ಕೊಡುವ ದಿನ ಜಗುಲಿಯ ಮೇಲೆ ಕೂತರೆ ಒಂದು ವಾದ ಪದೇ ಪದೇ ಕಿವಿಗೆ ಬೀಳುತ್ತದೆ. ‘ದುಡ್ಡು ಕೊಡ್ತಿದ್ದಾಗಲೇ ಅಡ್ಡಿಲ್ಲಾಗಿತ್ತು, ನಮಗೆ ಬೇಕಾದ ಕುಚ್ಚಲಕ್ಕಿ ತರ್ತಿದ್ವಿ’ ಅನ್ನುತ್ತಾರೆ ಒಬ್ಬರು. ‘ದುಡ್ಡು ಬಂದ್ರೆ ಅಡುಗೆಮನೆಗೆ ಮುಟ್ಟೂದಿಲ್ಲ, ಅಕ್ಕಿ ಆದ್ರೆ ಮನೆಗೇ ಬರ್ತದೆ’ ಅನ್ನುತ್ತಾರೆ ಇನ್ನೊಬ್ಬರು. ಇಬ್ಬರೂ ತಮ್ಮ ಮನೆಯ ಸತ್ಯವನ್ನೇ ಹೇಳುತ್ತಿದ್ದಾರೆ. ಆದರೆ ಜಿಲ್ಲೆಯಲ್ಲಿ ಎಷ್ಟು ಮನೆಗಳಿಗೆ ಮೊದಲನೆಯವರ ಮಾತು ನಿಜ, ಎಷ್ಟು ಮನೆಗಳಿಗೆ ಎರಡನೆಯವರದು? ಅದನ್ನು ಹೇಳುವ ಲೆಕ್ಕ ಹೆಬ್ಬೆಟ್ಟು ಒತ್ತುವ ಆ ಯಂತ್ರದಲ್ಲಿ ಇಲ್ಲ.

ಆಗಿದ್ದು ಇಷ್ಟು. 2023ರಲ್ಲಿ ರಾಜ್ಯ ಸರ್ಕಾರ ಕೇಂದ್ರದ 5 ಕೆಜಿ ಜೊತೆಗೆ ಇನ್ನೂ 5 ಕೆಜಿ ಅಕ್ಕಿ ಕೊಡಲು ಹೊರಟಿತು. ಆ ಜೂನ್‌ನಲ್ಲೇ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ನಿಲ್ಲಿಸಿತು. ಹಾಗಾಗಿ ಜುಲೈನಿಂದ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಲು ಶುರು ಮಾಡಿದರು. 2025ರ ಫೆಬ್ರವರಿಯಿಂದ ದುಡ್ಡು ನಿಂತು ಅಕ್ಕಿಯೇ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅವೇ ಮನೆಗಳು, ಅದೇ ಕಾರ್ಡು. ಎರಡೂವರೆ ವರ್ಷದೊಳಗೆ ಮೂರು ರೂಪ.

ಬಡವರಿಗೆ ದುಡ್ಡು ಒಳ್ಳೆಯದಾ, ಧಾನ್ಯ ಒಳ್ಳೆಯದಾ ಅನ್ನುವುದು ದೇಶದಲ್ಲಿ ಬಹಳ ಕಾಲದಿಂದ ನಡೆದ ವಾದ. ಅದನ್ನು ನೋಡಿ ಹೇಳುವ ಅವಕಾಶ ನಮ್ಮ ಮನೆ ಬಾಗಿಲಿಗೇ ಬಂದಿತ್ತು. 2023ರ ಜೂನ್‌ನಲ್ಲೊಮ್ಮೆ ಕೆಲವು ಸಾವಿರ ಮನೆಗಳಿಗೆ ಹೋಗಿ ‘ನಿನ್ನೆ ಏನು ಬೇಯಿಸಿದಿರಿ, ಈ ವಾರ ಅಕ್ಕಿಗೆ ಎಷ್ಟು ಖರ್ಚಾಯ್ತು, ಅಂಗಡಿಯಲ್ಲಿ ಸಾಲ ಎಷ್ಟಿದೆ’ ಅಂತ ಕೇಳಿ ಬರೆದಿಡಬಹುದಿತ್ತು. ದುಡ್ಡು ಬರುವಾಗ ಮತ್ತೊಮ್ಮೆ, ಅಕ್ಕಿ ಮರಳಿದ ಮೇಲೆ ಇನ್ನೊಮ್ಮೆ ಅವೇ ಮನೆಗಳಿಗೆ ಹೋಗಿದ್ದರೆ ಜಗುಲಿಯ ವಾದಕ್ಕೆ ಉತ್ತರ ಸಿಗುತ್ತಿತ್ತು. ನಮ್ಮಲ್ಲಿ ಕೊಟ್ಟದ್ದರ ಲೆಕ್ಕ ಚೆನ್ನಾಗಿದೆ. ಎಷ್ಟು ಕ್ವಿಂಟಲ್, ಎಷ್ಟು ಖಾತೆ, ಎಷ್ಟು ಕೋಟಿ, ಎಲ್ಲ ಸಿಗುತ್ತದೆ. ಕೊಟ್ಟದ್ದರಿಂದ ಆದದ್ದರ ಲೆಕ್ಕ ಬೇರೆ. ಅದಕ್ಕೆ ಯೋಜನೆ ಶುರುವಾಗುವ ಮೊದಲಿನ ಸ್ಥಿತಿಯನ್ನು ಬರೆದಿಟ್ಟುಕೊಂಡಿರಬೇಕು. ಗ್ಯಾರಂಟಿಗಳ ಬಗ್ಗೆ ಆಮೇಲೆ ಸಮೀಕ್ಷೆಗಳು ನಡೆದಿವೆ, ಅವೂ ಬೇಕು. ಆದರೆ ಎರಡು ವರ್ಷ ಬಿಟ್ಟು ‘ಮೊದಲು ಹೇಗಿತ್ತು’ ಅಂತ ಕೇಳಿದರೆ ಜನ ನೆನಪಿನಿಂದ ಹೇಳುತ್ತಾರೆ. ನೆನಪಿಗೆ ಇವತ್ತಿನ ಸುಖ ದುಃಖದ ಬಣ್ಣ ಹತ್ತಿರುತ್ತದೆ.

ಇದು ತುಂಬ ಸ್ಪಷ್ಟವಾಗಿ ಕಾಣುವುದು ಶಕ್ತಿ ಯೋಜನೆಯಲ್ಲಿ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಅಂಥ ಪ್ರಯಾಣಗಳ ಎಣಿಕೆ 500 ಕೋಟಿ ದಾಟಿತು. ನಮ್ಮ ಜಿಲ್ಲೆಯಲ್ಲಿ ಓಡುವುದು ವಾಯವ್ಯ ಸಾರಿಗೆಯ ಬಸ್ಸುಗಳು. ಅವುಗಳ ಕಂಡಕ್ಟರ್ ಕೈಯಲ್ಲಿರುವ ಯಂತ್ರ ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ ಅನ್ನುವುದನ್ನು ದಾಖಲು ಮಾಡುತ್ತದೆ. ಒಳ್ಳೆಯ ಮಾಹಿತಿ ಅದು. ಆದರೆ ಎಣಿಕೆಯಾಗುವುದು ಪ್ರಯಾಣ, ಹೆಂಗಸರಲ್ಲ. ದಿನಾ ಹೋಗಿ ಬರುವ ಒಬ್ಬರು ತಿಂಗಳಿಗೆ 50 ಟಿಕೆಟ್ ಆಗುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆಗೆ ಹೋಗುವವರು 2 ಟಿಕೆಟ್. ಮನೆ ಬಿಟ್ಟು ಹೊರಗೇ ಬರಲಾಗದವರು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಇನ್ನೂ ದೊಡ್ಡ ಕೊರತೆ ಹಿಂದಿನದು. ಶಕ್ತಿ ಬರುವ ಮೊದಲು ಸಾಮಾನ್ಯ ಟಿಕೆಟ್ಟಿನಲ್ಲಿ ಹೆಣ್ಣು, ಗಂಡು ಅಂತ ಬೇರೆ ಬರೆಯುತ್ತಿರಲಿಲ್ಲ. ಆಗ ಅಂಕೋಲಾದಿಂದ ಕಾರವಾರಕ್ಕೆ ದಿನಕ್ಕೆ ಎಷ್ಟು ಹೆಂಗಸರು ಹೋಗುತ್ತಿದ್ದರು? ಟಿಕೆಟ್ ಕಟ್ಟು ತೆಗೆದರೆ ಅದು ಸಿಗುವುದಿಲ್ಲ. ಹೋಲಿಸುವುದಕ್ಕೆ ಮೊದಲ ಕಂಬವೇ ಇಲ್ಲ.

ನಮ್ಮ ಓಣಿಗೆ ಮೀನು ತರುವ ಅಕ್ಕನನ್ನು ಒಮ್ಮೆ ಕೇಳಿದ್ದೆ, ಬಸ್ಸು ಪುಕ್ಕಟೆ ಆದ ಮೇಲೆ ಏನು ವ್ಯತ್ಯಾಸ ಆಯ್ತು ಅಂತ. ಉಳಿದ ದುಡ್ಡಿನ ಬಗ್ಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. ಮೊದಲು ಬಂಗಡೆ ಉಳಿದರೆ ಸಂಜೆ ಸಿಕ್ಕ ಬೆಲೆಗೆ ಕೊಟ್ಟುಬಿಡುತ್ತಿದ್ದರಂತೆ. ಈಗ ಬುಟ್ಟಿ ಎತ್ತಿಕೊಂಡು ಮುಂದಿನ ಊರಿಗೆ ಹೋಗಿ ನೋಡುತ್ತಾರೆ. ಅಂದರೆ ಅವರಿಗೆ ಸಿಕ್ಕಿದ್ದು ಚೌಕಾಸಿಯ ಬಲ. ಟಿಕೆಟ್ ಯಂತ್ರ ಆ ಪ್ರಯಾಣವನ್ನು ಒಂದು ಸೊನ್ನೆ ಅಂತ ಬರೆದುಕೊಂಡಿದೆ. ಅದರ ಅರ್ಥ ತಿಳಿಯಬೇಕಾದರೆ ಅವರ ಮನೆಗೇ ಹೋಗಿ ಕೇಳಬೇಕು. ಹಾಗಂತ ಒಬ್ಬರ ಮಾತಿನಿಂದ ಯೋಜನೆ ಗೆದ್ದಿತು ಅಂತ ಹೇಳುವುದೂ ತಪ್ಪು. ಇಂಥ ನೂರಾರು ಮಾತುಗಳು ಒಂದೇ ಕ್ರಮದಲ್ಲಿ ಬರೆದಾಗ ಮಾತ್ರ ಮಾಹಿತಿ ಆಗುತ್ತವೆ.

ಇನ್ನು ಹೋಲಿಕೆ ಹಾದಿ ತಪ್ಪುವುದು ಹೇಗೆ ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ 66 ಬಂದ್ ಆಯಿತು. ಸುಮಾರು ಮೂರು ವಾರಕ್ಕೆ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಈಗ ಯಾರೋ ಬೆಂಗಳೂರಿನಲ್ಲಿ ಕೂತು 2023ರ ಜುಲೈ, ಆಗಸ್ಟ್ ಮತ್ತು 2024ರ ಜುಲೈ, ಆಗಸ್ಟ್ ತಿಂಗಳ ಟಿಕೆಟ್ ಹೋಲಿಸಿದರು ಅಂತಿಟ್ಟುಕೊಳ್ಳಿ. ಈ ದಾರಿಗಳಲ್ಲಿ ಹೆಂಗಸರ ಪ್ರಯಾಣ ಇಳಿದಿದ್ದು ಕಂಡರೆ ಯೋಜನೆಯ ಉತ್ಸಾಹ ತಗ್ಗಿತು ಅಂತ ಬರೆದುಬಿಡಬಹುದು. ಇಳಿಸಿದ್ದು ಗುಡ್ಡ, ಯೋಜನೆ ಅಲ್ಲ. ಅದಕ್ಕೇ ಅದೇ ಮಳೆ, ಅದೇ ರಸ್ತೆ, ಅದೇ ಮೀನಿನ ದರ ಇರುವ, ಆದರೆ ಬದಲಾವಣೆ ಇನ್ನೂ ಮುಟ್ಟದ ಇನ್ನೊಂದು ಗುಂಪು ಬೇಕು. ಎರಡೂ ಗುಂಪಿಗೆ ಗುಡ್ಡ ಸಮಾನ. ಉಳಿದ ವ್ಯತ್ಯಾಸ ಯೋಜನೆಯದು.

ಇಂಥ ಕೆಲಸ ನಮ್ಮ ರಾಜ್ಯದಲ್ಲೇ ಆಗಿದೆ. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳ ಜೊತೆ ಹೋಲಿಸಿ ತೂಕ, ಎತ್ತರ ನೋಡಿದರು. ಮೊಟ್ಟೆ ತಿಂದ ಮಕ್ಕಳ ಬೆಳವಣಿಗೆ ಜಾಸ್ತಿ ಇತ್ತು. ಆಗ ಮೊಟ್ಟೆಯ ಬಗ್ಗೆ ಎಷ್ಟು ಗಲಾಟೆ ನಡೆದಿತ್ತು ಅಂತ ನೆನಪಿದೆ ಅಲ್ವಾ? ಆ ಗಲಾಟೆಯ ನಡುವೆ ತಕ್ಕಡಿಯ ಮಾತಿಗೆ ಒಂದು ತೂಕ ಬಂತು. ಆಮೇಲೆ ಮೊಟ್ಟೆ ರಾಜ್ಯದ ಉಳಿದ ಜಿಲ್ಲೆಗಳಿಗೂ ಬಂತು.

ದೂರದ ಮೆಕ್ಸಿಕೋ ದೇಶ 1997ರಲ್ಲಿ ಬಡ ತಾಯಂದಿರಿಗೆ ಹಣ ಕೊಡುವ ಪ್ರೊಗ್ರೆಸಾ ಯೋಜನೆ ತಂದಾಗ ಇದನ್ನು ಮೊದಲಿನಿಂದಲೇ ಯೋಚಿಸಿ ಮಾಡಿತ್ತು. ಎಲ್ಲರಿಗೂ ಒಂದೇ ಸಲ ಕೊಡಲು ಹೇಗೂ ಸಾಧ್ಯವಿರಲಿಲ್ಲ. ಹಾಗಾಗಿ 506 ಹಳ್ಳಿಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ 320ಕ್ಕೆ ಮೊದಲು, 186ಕ್ಕೆ ಆಮೇಲೆ ಕೊಟ್ಟರು. ಎರಡೂ ಕಡೆಯ ಮನೆಗಳನ್ನು ಮೊದಲೂ ನೋಡಿದರು, ನಂತರವೂ ನೋಡಿದರು. ಮುಂದೆ ಅಲ್ಲಿ ಸರ್ಕಾರ ಬದಲಾದರೂ ಯೋಜನೆ ಹೆಸರು ಬದಲಿಸಿಕೊಂಡು ಉಳಿಯಿತು. ಉಪಯೋಗ ಆಗಿದೆ ಅನ್ನುವುದಕ್ಕೆ ಕೈಯಲ್ಲಿ ಲೆಕ್ಕ ಇತ್ತು.

ಈಗ ಉತ್ತರ ಕನ್ನಡದ ಒಳಗೇ ಬರೋಣ. ಇಲ್ಲಿ ಜಿಲ್ಲೆಯ ಸರಾಸರಿ ಅನ್ನುವುದೇ ಒಂದು ತೊಂದರೆ. ಕಾರವಾರದಲ್ಲಿ ಬಂದರು, ಕಚೇರಿ, ನೌಕಾನೆಲೆ. ಜೋಯಿಡಾದಲ್ಲಿ ಕಾಡಿನ ನಡುವೆ ಒಂದೊಂದು ಮೈಲಿಗೊಂದು ಕುಣಬಿಗಳ ಮಜರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನಲ್ಲಿ ಸಿದ್ದಿಗಳು, ಗೌಳಿಗಳು. ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ತೋಟ ಮತ್ತು ಆ ತೋಟದ ಕೂಲಿಗಳು. ಭಟ್ಕಳದಲ್ಲಿ ಕೊಲ್ಲಿ ದೇಶದ ದುಡ್ಡು ಬರುವ ಮನೆಯ ಪಕ್ಕದಲ್ಲೇ ದೋಣಿ ಕೆಲಸದ ಮನೆ. ಇವೆಲ್ಲವನ್ನೂ ಕಲಸಿ ಒಂದು ಅಂಕಿ ತೆಗೆದರೆ ಅದು ಯಾರ ಮನೆಯದೂ ಆಗಿರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಂದು ಜಿಲ್ಲೆಯಲ್ಲಿ ನೋಡುವುದು ಸುಮಾರು 900 ಮನೆ. ಜಿಲ್ಲೆಗೆ ಅದು ಸಾಕು, 12 ತಾಲ್ಲೂಕಿಗೆ ಹಂಚಿದರೆ ಸಾಲದು. ಜೋಯಿಡಾದ ಜನಸಂಖ್ಯೆ 2011ರಲ್ಲಿ ಸುಮಾರು 50 ಸಾವಿರ, ಜಿಲ್ಲೆಯದು 14 ಲಕ್ಷ 37 ಸಾವಿರ. ಜನಸಂಖ್ಯೆಯ ಪ್ರಮಾಣದಲ್ಲಿ ಹಂಚಿದರೆ ಆ ದೊಡ್ಡ ಕಾಡು ತಾಲ್ಲೂಕಿನ ಪಾಲಿಗೆ ಬರುವುದು ಮೂವತ್ತು ಚಿಲ್ಲರೆ ಮನೆ.

ಯಾರು ಯಾವ ಪಟ್ಟಿಯಲ್ಲಿದ್ದಾರೆ ಅನ್ನುವುದರ ಮೇಲೂ ಅವರು ಕಾಣುವುದು, ಕಾಣದಿರುವುದು ನಿಂತಿದೆ. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅಲ್ಲಿಂದ ಲೆಕ್ಕದ ಪಟ್ಟಿಯಲ್ಲಿ ಅವರಿಗೆ ಬೇರೆ ಕಂಬಸಾಲು (ಕಾಲಂ) ಸಿಕ್ಕಿತು. ಹಾಲಕ್ಕಿ ಒಕ್ಕಲಿಗರು, ಕುಣಬಿಗಳು ಅದಕ್ಕಾಗಿ ಇನ್ನೂ ಕೇಳುತ್ತಿದ್ದಾರೆ. ಅವರ ಬಡತನ ದೊಡ್ಡ ಸಮೀಕ್ಷೆಗಳಲ್ಲಿ ಹಿಂದುಳಿದ ವರ್ಗ ಎಂಬ ದೊಡ್ಡ ಚೀಲದೊಳಗೆ ಕರಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆಗಳ ಮನೆಮನೆ ಸಮೀಕ್ಷೆ ನಡೆಸಿತು. ಶಿಕ್ಷಕರು ಮೊಬೈಲ್ ಹಿಡಿದು ಗುಡ್ಡ ಹತ್ತಿದರು. ಆ ಲೆಕ್ಕ ಜಾತಿಯ ಚರ್ಚೆಗಷ್ಟೇ ಮುಗಿಯಬಾರದು ಅನ್ನುವುದು ನನ್ನ ಆಸೆ. ತಾಲ್ಲೂಕು ಮಟ್ಟದ ಕೋಷ್ಟಕಗಳನ್ನು ಹೊರಗೆ ಬಿಟ್ಟರೆ ಎಷ್ಟೋ ಯೋಜನೆಗಳಿಗೆ ‘ಮೊದಲಿನ ಲೆಕ್ಕ’ ಅದೇ ಆಗಬಹುದು.

ಜನಗಣತಿಯ ಕತೆ ಎಲ್ಲರಿಗೂ ಗೊತ್ತು. 2021ರದ್ದು ಮುಂದಕ್ಕೆ ಹೋಗಿ ಈಗ 2027ರ ಮಾರ್ಚ್ 1ನ್ನು ಆಧಾರ ದಿನ ಅಂತ ಇಟ್ಟುಕೊಂಡಿದ್ದಾರೆ. ಅಲ್ಲಿಯವರೆಗೆ ಆಹಾರ ಭದ್ರತೆಯ ಪಾಲು 2011ರ ತಲೆ ಎಣಿಕೆಯ ಮೇಲೇ ನಿಂತಿದೆ.

ನಮ್ಮಲ್ಲಿ ಇನ್ನೊಂದು ವಿಷಯ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಕೆಲಸ ಇಲ್ಲದ ಆ ದಿನಗಳಿಗೆ ಉಳಿತಾಯ ಪರಿಹಾರ ಯೋಜನೆ ಇದೆ. ಮೀನುಗಾರ 1500 ಕಟ್ಟುತ್ತಾರೆ, ರಾಜ್ಯ ಮತ್ತು ಕೇಂದ್ರ ಸೇರಿ 3000 ಕೊಡುತ್ತವೆ, ಒಟ್ಟು 4500. ಇದರಿಂದ ಉಪಯೋಗ ಆಯ್ತಾ ಅಂತ ನೋಡಲು ನವೆಂಬರ್‌ನಲ್ಲಿ ಹೋದರೆ ಏನು ಸಿಗುತ್ತದೆ? ಆಗ ಬಲೆ ತುಂಬ ಮೀನು, ಕೈಯಲ್ಲಿ ದುಡ್ಡು. ಜುಲೈನಲ್ಲಿ ಹೋದರೆ ಒಲೆಯ ಮೇಲೆ ಗಂಜಿ. ಒಂದೇ ಮನೆಯನ್ನು ಎರಡು ತಿಂಗಳಲ್ಲಿ ನೋಡಿದರೆ ಎರಡು ಬೇರೆ ಮನೆ. ಸಿದ್ದಿ ಮುಂತಾದ ಬುಡಕಟ್ಟುಗಳಿಗೆ ಮಳೆಗಾಲದಲ್ಲಿ ಪೌಷ್ಟಿಕ ಆಹಾರ ಕೊಡುವ ಯೋಜನೆ ಹುಟ್ಟಿದ್ದೂ ಇದಕ್ಕೇ, ಆ ತಿಂಗಳುಗಳಲ್ಲಿ ಕಾಡಿನ ಕೆಲಸವೂ ಇಲ್ಲ, ದಾರಿಯೂ ಇಲ್ಲ. ಸಮೀಕ್ಷೆಯವರು ದಾರಿ ಒಣಗಿದ ಮೇಲೆ ಬಂದರೆ ಹಸಿವಿನ ತಿಂಗಳು ತಪ್ಪಿಹೋಗುತ್ತದೆ.

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆ ಇದನ್ನೇ ಕಲಿಸಿತು. ಗರ್ಭಿಣಿ, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕು. ಬಯಲು ಸೀಮೆಯ ಊರಲ್ಲಿ ಮನೆಗಳು ಒತ್ತಾಗಿವೆ, ಅಲ್ಲಿ ಅಡ್ಡಿಲ್ಲ. ಘಟ್ಟದ ಮೇಲೆ ಎಂಟು ತಿಂಗಳ ಬಸುರಿ ಹಳ್ಳ ದಾಟಿ ಎರಡು ಕಿಲೋಮೀಟರ್ ನಡೆದು ಊಟಕ್ಕೆ ಬರಬೇಕು ಅಂದರೆ ಹೇಗೆ? ಹೆಸರು ನೋಂದಣಿ ಪುಸ್ತಕದಲ್ಲಿ ಇರುತ್ತದೆ. ಅಂಗನವಾಡಿ ಅಕ್ಕೋರಿಗೆ ಯಾರು ಯಾಕೆ ಬರಲಿಲ್ಲ ಅಂತ ಬಾಯಲ್ಲೇ ಗೊತ್ತಿರುತ್ತದೆ. ಆದರೆ ಬರದೇ ಇರುವ ಕಾರಣ, ಮನೆಯಿಂದ ಅಂಗನವಾಡಿಗೆ ಇರುವ ದೂರ, ಇವೆರಡನ್ನು ಬರೆಯುವ ಕಂಬಸಾಲು ಇದ್ದಿದ್ದರೆ ಮಲೆನಾಡಿಗೆ ಬೇರೆ ವ್ಯವಸ್ಥೆ ಬೇಕು ಅನ್ನುವುದು ಮೊದಲ ಮಳೆಗಾಲದಲ್ಲೇ ಅಂಕಿಯಾಗಿ ಕಾಣುತ್ತಿತ್ತು.

ಪ್ರಶ್ನೆ ಕೇಳುವ ರೀತಿ ಬದಲಾದರೂ ಉತ್ತರ ಬದಲಾಗುತ್ತದೆ. ಇದು ಸಣ್ಣ ಮಾತಲ್ಲ. 1999-2000ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಊಟದ ಖರ್ಚನ್ನು ಕಳೆದ 7 ದಿನದ್ದೂ ಕೇಳಿದರು, 30 ದಿನದ್ದೂ ಕೇಳಿದರು, ಒಂದೇ ಮನೆಯಲ್ಲಿ. ಒಂದು ಉತ್ತರ ಇನ್ನೊಂದನ್ನು ಎಳೆಯಿತು. ಆ ದಶಕದಲ್ಲಿ ಬಡತನ ನಿಜವಾಗಿ ಎಷ್ಟು ಇಳಿಯಿತು ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಜಗಳ ಆಡಿದರು. 2022-23ರ ಸಮೀಕ್ಷೆಯಲ್ಲಿ ಒಂದೇ ಭೇಟಿಯ ಬದಲು ಮೂರು ಭೇಟಿ ಮಾಡಿದರು. ಅದು ಒಳ್ಳೆಯದೇ, ಆದರೆ 2011-12ರ ಜೊತೆ ನೇರ ಹೋಲಿಸಲು ಬರುವುದಿಲ್ಲ. ಈ ಹೊಸ ಸಮೀಕ್ಷೆಯಲ್ಲಿ ನನಗೆ ಇಷ್ಟವಾದ ಒಂದು ಸುಧಾರಣೆ ಇದೆ. ಪುಕ್ಕಟೆ ಸಿಕ್ಕ ಅಕ್ಕಿ, ಸೈಕಲ್, ಸಮವಸ್ತ್ರಗಳಿಗೂ ಬೆಲೆ ಕಟ್ಟಿ ಬೇರೆಯಾಗಿ ತೋರಿಸುತ್ತಾರೆ. 2023-24ರಲ್ಲಿ ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಖರ್ಚು 4122 ರೂಪಾಯಿ, ಪುಕ್ಕಟೆ ವಸ್ತುಗಳನ್ನು ಸೇರಿಸಿದರೆ 4247. ವ್ಯತ್ಯಾಸ 125. ಶಿಕ್ಷಣ, ಆರೋಗ್ಯ ಸೇವೆಗಳ ಬೆಲೆ ಇದರಲ್ಲಿ ಸೇರಿಲ್ಲ. ಆದರೂ ಎರಡು ಸಾಲು ಬೇರೆ ಬೇರೆ ಇರುವುದರಿಂದ ಯಾವುದು ದುಡಿಮೆ, ಯಾವುದು ನೆರವು ಅಂತ ಗೊತ್ತಾಗುತ್ತದೆ.

ಉದ್ಯೋಗ ಖಾತ್ರಿಗೂ ಈ ಮಾತು ಅನ್ವಯಿಸುತ್ತದೆ. 2005ರ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು. 100 ದಿನ ಇದ್ದದ್ದು 125 ಆಯಿತು. ಕೃಷಿ ಕೆಲಸ ಜೋರಾಗಿರುವಾಗ 60 ದಿನ ಕೆಲಸ ನಿಲ್ಲಿಸಲೂ ಅವಕಾಶ ಇದೆ. ಹಳೆಯ ವ್ಯವಸ್ಥೆಯಲ್ಲಿ ಪಂಚಾಯತ್ ಮಟ್ಟದವರೆಗೆ ವರ್ಷಾನುವರ್ಷದ ದಾಖಲೆ ಇತ್ತು. ಹೊಸದರಲ್ಲಿ ಪಂಚಾಯತ್ ಸಂಕೇತ, ಜಾಬ್ ಕಾರ್ಡ್ ಸಂಖ್ಯೆ ಬೇರೆಯಾದರೆ ಆ ಸರಪಳಿ ತುಂಡಾಗುತ್ತದೆ. ಹಳೆಯದನ್ನು ಹೊಸದಕ್ಕೆ ಜೋಡಿಸುವ ಪಟ್ಟಿಯೊಂದನ್ನು ಈಗಲೇ ಮಾಡಿಟ್ಟರೆ ಸಾಕು.

ಗೃಹಲಕ್ಷ್ಮಿಯ 2000 ರೂಪಾಯಿ ಬಗ್ಗೆ ಒಂದೇ ಮಾತು. ಹಣ ಹೋಗುವುದು ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರ ಖಾತೆಗೆ. ಅನೇಕ ಮನೆಗಳಲ್ಲಿ ಅದು ಅತ್ತೆ. ಸೊಸೆಗೆ ಏನಾಯ್ತು ಅನ್ನುವುದನ್ನು ಮನೆಯನ್ನು ಒಂದೇ ಘಟಕ ಮಾಡಿ ಎಣಿಸುವ ಯಾವ ಲೆಕ್ಕವೂ ಹೇಳದು. ಸೊಸೆಯನ್ನೇ, ಅತ್ತೆ ಎದುರಿಗಿಲ್ಲದಾಗ ಕೇಳಬೇಕು.

ಹಾಗಾದರೆ ಏನು ಮಾಡಬಹುದು? ನನ್ನ ಯೋಚನೆ ಹೀಗಿದೆ. ತಾಲ್ಲೂಕಿಗೆ 200 ಮನೆ, 12 ತಾಲ್ಲೂಕಿಗೆ 2400 ಮನೆ. ಜೋಯಿಡಾಕ್ಕೂ ಕಾರವಾರದಷ್ಟೇ ಮನೆ, ಜನಸಂಖ್ಯೆ ನೋಡಿ ಕಡಿಮೆ ಮಾಡಬಾರದು. ವರ್ಷಕ್ಕೆ ಮೂರು ಸಲ, ಮೇ, ಜುಲೈ ಕೊನೆ, ಡಿಸೆಂಬರ್, ಅವೇ ಮನೆಗಳಿಗೆ ಹೋಗುವುದು. ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯನ್ನು ಬರೆದುಕೊಂಡು ಬರುವ ಹಾಗಿಲ್ಲ. ಬೀಗ ಹಾಕಿದವರು ಗೋವಾಕ್ಕೆ ಕೆಲಸಕ್ಕೆ ಹೋಗಿರಬಹುದು, ಅವರನ್ನು ಬಿಟ್ಟರೆ ಲೆಕ್ಕದಲ್ಲಿ ಉಳಿಯುವುದು ಮನೆಯಲ್ಲೇ ಕೂತು ಬದುಕಬಲ್ಲವರು ಮಾತ್ರ. ಫೋನ್ ಮಾಡಿಯಾದರೂ ಕೇಳಬೇಕು. 200 ಮನೆಯಲ್ಲಿ ನೂರಕ್ಕೆ ಏಳೆಂಟು ಅಂಶ ಆಚೀಚೆ ಆಗಬಹುದು. ಸಣ್ಣ ಬದಲಾವಣೆ ಅದರಲ್ಲಿ ಕಾಣದು. ದೊಡ್ಡದು ಖಂಡಿತ ಕಾಣುತ್ತದೆ, ಅವೇ ಮನೆಗಳನ್ನು ನೋಡುವುದರಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಕೇಳಲು ಅಂಗನವಾಡಿ ಅಕ್ಕೋರನ್ನು, ಆಶಾ ಕಾರ್ಯಕರ್ತೆಯರನ್ನು ಕಳಿಸುವುದು ಬೇಡ. ಅವರ ತಲೆಯ ಮೇಲೆ ಈಗಲೇ ಹೊರೆ ಜಾಸ್ತಿ. ಮೇಲಾಗಿ, ಸೌಲಭ್ಯ ಕೊಡುವವರೇ ಪ್ರಶ್ನೆ ಕೇಳಿದರೆ ‘ಕಾರ್ಡು ಹೋಗ್ತದಾ’ ಅನ್ನುವ ಹೆದರಿಕೆಯಲ್ಲಿ ಜನ ಸರಿಯಾಗಿ ಹೇಳುವುದಿಲ್ಲ. ಕಾರವಾರ, ಕುಮಟಾ, ಶಿರಸಿಯ ಪದವಿ ಕಾಲೇಜುಗಳ ಮಕ್ಕಳಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು ಕಳಿಸಬಹುದು. ಕೊಂಕಣಿ, ಮರಾಠಿ, ನವಾಯತಿ, ಹಾಲಕ್ಕಿ ಮಾತು ಬಲ್ಲವರು ಅವರಲ್ಲೇ ಸಿಗುತ್ತಾರೆ. ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲೇ ಇದೆ. ಆ ಸಂಸ್ಥೆ 2005, 2010, 2016ರಲ್ಲಿ ಮೀನುಗಾರರ ಮನೆ ಎಣಿಸಿದೆ, 2025ರ ನವೆಂಬರ್‌ನಲ್ಲಿ ಮೊಬೈಲ್ ಹಿಡಿದು ಮತ್ತೆ ಎಣಿಸಲು ಹೊರಟಿತು. ಕರಾವಳಿಯ ಮನೆಗಳನ್ನು ಆರಿಸಲು ಅದಕ್ಕಿಂತ ಒಳ್ಳೆಯ ಪಟ್ಟಿ ಇನ್ನೆಲ್ಲಿದೆ?

ರಾಜ್ಯದ ಬಳಿ ಸಾಧನ ಇಲ್ಲ ಅಂತಲ್ಲ. ಮೌಲ್ಯಮಾಪನಕ್ಕೆಂದೇ ಒಂದು ಪ್ರಾಧಿಕಾರ 2011ರಿಂದ ಇದೆ. ಕೇಂದ್ರದ ಮಾದರಿ ಸಮೀಕ್ಷೆಗಳ ಜೊತೆಗೆ ರಾಜ್ಯದ ಸಾಂಖ್ಯಿಕ ನಿರ್ದೇಶನಾಲಯವೂ ತನ್ನ ಪಾಲಿನ ಮನೆಗಳನ್ನು ನೋಡುತ್ತದೆ, ಆ ಪಾಲನ್ನು ಘಟ್ಟ, ಕರಾವಳಿ ಅಂತ ಬೇರೆ ಮಾಡಿ ಜಾಸ್ತಿ ಮಾಡಬಹುದು. ‘ಮಾಹಿತಿ ಕಣಜ’ ಎಂಬ ಸರ್ಕಾರಿ ಜಾಲತಾಣದಲ್ಲಿ ಯಾವ ಯೋಜನೆ ಯಾರಿಗೆ ಮುಟ್ಟಿತು ಅಂತ ಊರಿನವರೇ ನೋಡಬಹುದು. ‘ಕುಟುಂಬ’ ಎಂಬ ವ್ಯವಸ್ಥೆ ಒಂದು ಮನೆಗೆ ಸಿಗುವ ಬೇರೆ ಬೇರೆ ಸೌಲಭ್ಯಗಳನ್ನು ಒಟ್ಟಿಗೆ ಜೋಡಿಸುತ್ತದೆ. 2400 ಮನೆಯ ಸಮೀಕ್ಷೆಯನ್ನು ಇದರ ಜೊತೆ, ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಆಧಾರ್ ಸಂಖ್ಯೆ ತೆಗೆದು ಜೋಡಿಸಿದರೆ ಕೊಟ್ಟದ್ದು ಮತ್ತು ಆದದ್ದು ಎರಡೂ ಒಂದೇ ಸಾಲಿನಲ್ಲಿ ಸಿಗುತ್ತವೆ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ಸಮೀಕ್ಷೆಯ ಉತ್ತರ ನೋಡಿ ಯಾರ ಕಾರ್ಡನ್ನೂ ರದ್ದು ಮಾಡಬಾರದು. ಒಮ್ಮೆ ಹಾಗಾದರೆ ಮರು ಸಲ ಯಾರೂ ಬಾಗಿಲು ತೆಗೆಯುವುದಿಲ್ಲ, ತೆಗೆಯಲೂ ಬಾರದು.

ಕಿಟ್‌ನಂಥ ಬದಲಾವಣೆ ಎಲ್ಲ ಊರಿಗೂ ಒಂದೇ ದಿನ ಮುಟ್ಟುವುದು ಕಷ್ಟ. ಲಾರಿ ಬರಬೇಕು, ದಾಸ್ತಾನು ಬರಬೇಕು. ಯಾವ ಸೊಸೈಟಿಗೆ ಮೊದಲ ಲೋಡು ಯಾವ ತಾರೀಕಿಗೆ ಬಂತು ಅಂತ ಬರೆದಿಟ್ಟು ಆ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಮಾಡಿದರೆ, ತಡವಾದ ಊರುಗಳೇ ಹೋಲಿಕೆಯ ಗುಂಪಾಗುತ್ತವೆ. ಇದಕ್ಕೆ ಹೊಸ ಖರ್ಚಿಲ್ಲ, ಒಂದು ತಾರೀಕಿನ ಕಂಬಸಾಲು ಸಾಕು. ಆ ಲೋಡು ಬರುವ ಮೊದಲಿನ ವಾರ ನಮ್ಮ ಜಗುಲಿಯ ಆ ಇಬ್ಬರ ಮನೆಗೂ ಯಾರಾದರೂ ಹೋಗಿ, ನಿನ್ನೆ ರಾತ್ರಿ ಏನು ಬೇಯಿಸಿದಿರಿ ಅಂತ ಕೇಳಿ ಬರೆದುಕೊಳ್ಳಲಿ. ಆರು ತಿಂಗಳು ಬಿಟ್ಟು ಅವೇ ಎರಡು ಮನೆಗೆ ಮತ್ತೆ ಬರಲಿ.